ಅಜ್ಜನ ಗಿಟಾರಿಗೆ ಬೆಲೆ ಎಷ್ಟು?

ಪ್ರಶ್ನೆ: ಮನೆಯಲ್ಲಿ ಅಜ್ಜನ ಹಳೇ ಹವಾಯನ್ ಗಿಟಾರ್ ಇದೆ. ಹೆಸರಿಲ್ಲ, ಪಕ್ಕದಲ್ಲಿ ಯಾರೋ ಹೆಚ್ಚಿನ ಬಿರಡೆ ಕೂಡಿಸಿದ್ದಾರೆ. ಇದು ಎಲ್ಲಿಯದು, ಎಷ್ಟು ಬಾಳೀತು?
– ಓದುಗರು, ನಂದಗಡ

ಉತ್ತರ: ಆ ಬಿರಡೆಗಳೇ ಅರ್ಧ ಕಥೆ ಹೇಳುತ್ತವೆ. ತೊಡೆಯ ಮೇಲಿಟ್ಟು, ಉಕ್ಕಿನ ತುಂಡು ಜಾರಿಸಿ ನುಡಿಸುವ ಈ ಗಿಟಾರಿನಲ್ಲಿ ನಮ್ಮ ಬ್ರಿಜ್‌ಭೂಷಣ್ ಕಾಬ್ರಾ ರಾಗ ನುಡಿಸಿದರು. ವಿಶ್ವಮೋಹನ ಭಟ್ಟರು ಪಕ್ಕದ ಬಿರಡೆಗಳಿಗೆ ತರಬ್ ತಂತಿ (ಮೀಟದೆಯೇ ಜೊತೆಗೆ ಮಿಡಿಯುವ ತಂತಿ) ಸೇರಿಸಿ ‘ಮೋಹನವೀಣೆ’ ಮಾಡಿದರು, 1994ರಲ್ಲಿ ಗ್ರ್ಯಾಮಿಯನ್ನೂ ಪಡೆದರು. ನಿಮ್ಮದೂ ಅಂಥದೇ ಆಸೆಯ ಕೂಸಿರಬೇಕು.

ಮೂಲ ಹುಡುಕಲು ಹೊಟ್ಟೆಯೊಳಗೆ ಟಾರ್ಚ್ ಬಿಟ್ಟು ನೋಡಿ; ಚೀಟಿ ಉದುರಿದ್ದರೂ ಅಂಟಿನ ಕಲೆ ಉಳಿದಿರುತ್ತದೆ. ಕುತ್ತಿಗೆಯ ತುದಿಯಲ್ಲಿ ಲೋಹದ ಪಟ್ಟಿ ಸಿಕ್ಕಿಸಿ ತಂತಿ ಎತ್ತರಿಸಿದ್ದರೆ ಅದು ಮೊದಲು ಸಾಮಾನ್ಯ ಗಿಟಾರ್ ಆಗಿದ್ದಿರಬಹುದು. ಎಲೆಕ್ಟ್ರಿಕ್ ಆಗಿದ್ದರೆ ವಾಲ್ಯೂಮ್ ಗುಂಡಿಯ ಕೆಳಗಿನ ಬಿಡಿಭಾಗ ನೋಡಿ: 1376612 ಎಂದಿದ್ದರೆ 137 ತಯಾರಕರ ಗುರುತು, ಉಳಿದದ್ದು 1966ರ 12ನೇ ವಾರ. (ಆ ಭಾಗವನ್ನೇ ಆಮೇಲೆ ಬದಲಿಸಿರಲೂಬಹುದು!)

ಬೆಲೆ? ಹೊಸದಾಗಿ ಕೊರೆದ ತೂತು ಕಂಡರೆ ಸಂಗ್ರಾಹಕರು ಮುಖ ಸಿಂಡರಿಸುತ್ತಾರೆ. ಹೆಸರೂ ಇಲ್ಲದಿದ್ದರೆ ಹೆಚ್ಚೇನೂ ಸಿಗದು. ನುಡಿಸುವವರ ಲೆಕ್ಕ ಬೇರೆ. ಖಾನಾಪುರದಲ್ಲಿ ರೈಲು ಹತ್ತಿ ಮಿರಜಿಗೆ ಹೋಗಿ, ಸಿತಾರ್ ಮಾಡುವವರಿಗೆ ತೋರಿಸಿ. ಅಲ್ಲಿಯತನಕ ತಂತಿ ಸಡಿಲಿಸಿಡಿ, ಪಾಲಿಶ್ ಮಾತ್ರ ಹಚ್ಚಬೇಡಿ.