ಎರೆಮಣ್ಣಿನ ಎತ್ತು, ಅಂಗಳದ ಪಾಠ

ಕಾರಹುಣ್ಣಿಮೆ ಕಳೆದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅಂದು ಹಿರಿಯರ ಜತೆ ಮಕ್ಕಳೂ ಎತ್ತು ಮಾಡಲು ಕೂರುತ್ತಾರೆ. ಬೀದರ್ ಜಿಲ್ಲೆಯಲ್ಲಿ ಈ ಕೆಲಸಕ್ಕೆ ಇನ್ನೊಂದು ಸ್ವಾರಸ್ಯವಿದೆ. ಹುಮನಾಬಾದ್ ತಾಲ್ಲೂಕಿನದು ಹೆಚ್ಚಾಗಿ ಜಂಬಿಟ್ಟಿಗೆಯ ಕೆಂಪು ನೆಲ. ಬಸವಕಲ್ಯಾಣದಲ್ಲಿ ಕೆಂಪೂ ಉಂಟು, ಎರೆಯೂ ಉಂಟು. ಎರೆಮಣ್ಣು ಜಿಗುಟು, ಬಾಗಿಸಿದತ್ತ ಬಾಗುತ್ತದೆ. ಆದರೆ ಒಣಗುವಾಗ ಕುಗ್ಗಿ ಎತ್ತಿನ ಬೆನ್ನು ಬಿರುಕು ಬಿಡುತ್ತದೆ. ಕೆಂಪು ಮಣ್ಣು ಅಷ್ಟು ಬಿರಿಯದು, ಆದರೆ ಕೊಂಬು ಎಳೆಯಹೋದರೆ ಮುರಿದು ಕೈಗೆ ಬರುತ್ತದೆ. ಎರಡನ್ನೂ ಬೆರೆಸಿದರೆ ಹೇಗೆಂದು ಐದು ವರ್ಷದ ಪೋರನಿಗೆ ತೋಚಿತೆನ್ನಿ, ಅವನ ಮೊದಲ ವಿಜ್ಞಾನ ಪ್ರಯೋಗ ಅಲ್ಲಿಗೆ ಆದಂತೆಯೇ.

ಇದು ಬರೀ ಆಟ, ಇದಕ್ಕೆ ಶಿಕ್ಷಣವೆಂಬ ದೊಡ್ಡ ಹೆಸರೇಕೆ ಎನ್ನುವವರಿದ್ದಾರೆ. ಮಣ್ಣು ನಾದುವಾಗ, ಚಿವುಟುವಾಗ, ಹೊಸೆಯುವಾಗ ಅಂಗೈ ಮತ್ತು ಬೆರಳಿನ ಸಣ್ಣ ಸ್ನಾಯುಗಳು ಬಲಿಯುತ್ತವೆ. ಪೆನ್ಸಿಲ್ ಹಿಡಿಯಲು ಬೇಕಾದದ್ದು ಅದೇ ಬಲ. ನಮ್ಮ ದುಂಡನೆಯ ಅಕ್ಷರಗಳಿಗಂತೂ ಇನ್ನೂ ಹೆಚ್ಚು. ಹಸ್ತ ಹದವಾಗುವ ಮೊದಲೇ ಮೂರು ವರ್ಷದ ಮಗುವಿನಿಂದ 'ಅ' ತಿದ್ದಿಸಿದರೆ ಬರುವುದು ಅಕ್ಷರವಲ್ಲ, ಅಳು.

ಜರ್ಮನಿಯ ಫ್ರೋಬೆಲ್ 1837ರಲ್ಲಿ ಆಟವನ್ನೇ ಪಾಠವಾಗಿಸಿದ ಶಾಲೆ ತೆರೆದ. ಮೂರು ವರ್ಷಗಳ ಬಳಿಕ ಅದಕ್ಕೆ 'ಮಕ್ಕಳ ತೋಟ' ಎಂಬರ್ಥದ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ. ನಮಗೆ ಹತ್ತಿರದವರು ತಾರಾಬಾಯಿ ಮೋಡಕ್. 1945ರಲ್ಲಿ ಅವರು ಈಗಿನ ಮಹಾರಾಷ್ಟ್ರದ ಬೋರ್ಡಿ ಎಂಬ ಕರಾವಳಿ ಹಳ್ಳಿಗೆ ಹೋದರು. ಮಾಂಟೆಸ್ಸರಿಯ ದುಬಾರಿ ಸಲಕರಣೆಗಳ ಬದಲು ಕಪ್ಪೆಚಿಪ್ಪು, ಬೀಜ, ಹರಳು, ಎಲೆಗಳನ್ನು ಬಳಸಿದರು. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯೇ ಕೇರಿಯ ಅಂಗಳಕ್ಕೆ ಹೋಯಿತು. ಅಂಗನವಾಡಿ ಎಂಬ ಮಾತು ಅಲ್ಲಿಂದ ಬಂತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಅದೇ ಹೆಸರು ದೇಶಕ್ಕೆಲ್ಲ ಹಬ್ಬಿತು.

ಹೆಸರಿನಲ್ಲಿರುವ ಅಂಗಳ ಎಲ್ಲ ಕೇಂದ್ರಗಳಿಗೂ ಇಲ್ಲ, ಆ ಮಾತು ಬೇರೆ. ಪೋಷಕರು ಕೇಳುವುದೂ ಮಣ್ಣನ್ನಲ್ಲ, ಎಬಿಸಿಡಿಯನ್ನು. ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ನಿರ್ಧಾರ 2024ರಲ್ಲಿ ಹೊರಬಿದ್ದಾಗ, ಮಕ್ಕಳು ತಪ್ಪಿಹೋದಾರೆಂದು ಅಂಗನವಾಡಿ ಕಾರ್ಯಕರ್ತೆಯರು ಪ್ರತಿಭಟಿಸಿದರು. ಅವರ ಆತಂಕ ಸಹಜವೇ. ಆದರೆ ಹೊಸ ತರಗತಿಯಲ್ಲಿ ಮಗುವಿನ ಕೈಗೆ ಏನು ಕೊಡುತ್ತೀರಿ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಅಷ್ಟಾಗಿ ಕೇಳಿಸಲಿಲ್ಲ. ಈ ಗಡಿ ಭಾಗದಲ್ಲಿ ಅದು ಸಣ್ಣ ಪ್ರಶ್ನೆಯಲ್ಲ. ಒಂದೇ ಕೋಣೆಯಲ್ಲಿ ಉರ್ದು, ಮರಾಠಿ, ಲಂಬಾಣಿ, ಕನ್ನಡ ಮನೆಮಾತಿನ ಮಕ್ಕಳು ಕೂರಬಹುದು. ಪುಸ್ತಕದ ಭಾಷೆ ಕೆಲವರಿಗೆ ದೂರ. ಹುಣಸೆಬೀಜದ ಗುಡ್ಡೆಯಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಎಂಬುದು ಎಲ್ಲರಿಗೂ ಹತ್ತಿರ.

ಆಟದ ಸಾಮಾನು ಮಾತ್ರ ಕದ್ದು ಜಾರುತ್ತಿದೆ. ಜೋಳದ ದಂಟಿನ ಸಿಪ್ಪೆ ಸೀಳಿ, ಒಳಗಿನ ಬೆಂಡಿಗೆ ಚುಚ್ಚಿ ಬಂಡಿ, ಕನ್ನಡಕ ಮಾಡುವುದು ಈ ಸೀಮೆಯ ಹಳೆಯ ವಿದ್ಯೆ. ಈಗ ಮುಂಗಾರಿನ ಹೊಲಗಳಲ್ಲಿ ಸೋಯಾ ಹಬ್ಬಿದೆ. ಸೋಯಾ ಕಡ್ಡಿಯಿಂದ ಬಂಡಿ ಆಗುವುದಿಲ್ಲ.

ಇನ್ನೊಂದು ಮಾತು. ನಿಸರ್ಗದ್ದೆಲ್ಲ ನಿರಪಾಯವಲ್ಲ. ಪುಟ್ಟ ಮಕ್ಕಳು ಬೀಜವನ್ನು ಮೂಗಿಗೆ, ಕಿವಿಗೆ ತುರುಕಿಕೊಳ್ಳುತ್ತವೆ. ಮೂರು ವರ್ಷದೊಳಗಿನವರ ಕೈಗೆ ಕೊಡಲೇಬಾರದು. ಗುಲಗಂಜಿಯಂತೂ ನೋಡಲು ಚೆಂದ, ಜಗಿದು ನುಂಗಿದರೆ ಕಡುವಿಷ. ಎತ್ತಿನ ಕಣ್ಣಿಗೆ ಜೋಳದ ಕಾಳೇ ಸಾಕು.