ಕೋಟಿ ಮೊಟ್ಟೆ, ನೂರರ ಲೆಕ್ಕದ ರೋಗಿಗಳು

ಹೈದರಾಬಾದಿನ ನಾಂಪಲ್ಲಿಯ ನುಮಾಯಿಶ್ ಮೇಳ ಜನವರಿ 1ಕ್ಕೆ ಶುರುವಾಗಿ ಫೆಬ್ರುವರಿ 15ಕ್ಕೆ ಮುಗಿಯುವುದು ವಾಡಿಕೆ. ಒಟ್ಟು 46 ದಿನ. 1938ರಲ್ಲಿ ಬಾಗ್-ಎ-ಆಮ್‌ನಲ್ಲಿ ನೂರರಷ್ಟು ಅಂಗಡಿಗಳಿಂದ ಆರಂಭವಾದ ಮೇಳಕ್ಕೆ ಈಗ 2,000ಕ್ಕೂ ಹೆಚ್ಚು ಮಳಿಗೆಗಳು. ತಿಂಡಿ, ದವಸ, ಚರಂಡಿ ಒಟ್ಟಿಗಿರುವ ಊರಿನಲ್ಲಿ ಇಲಿ, ಹೆಗ್ಗಣ ಇರುವುದೇನೂ ಸುದ್ದಿಯಲ್ಲ. ಹೈದರಾಬಾದಿನವರು ಹೆಗ್ಗಣಕ್ಕೆ ಘೂಸ್ ಅನ್ನುತ್ತಾರೆ. ಇಲಿಯ ಹೊಟ್ಟೆಯೊಳಗಿನ ಹುಳುವಿನ ಲೆಕ್ಕಕ್ಕೆ ಈ 46 ದಿನಗಳನ್ನೇ ಅಳತೆಯಾಗಿ ಹಿಡಿಯೋಣ.

ಇಲಿಯ ಕರುಳಿನ ಲಾಡಿಹುಳು, ಹೈಮನೋಲೆಪಿಸ್ ಡಿಮಿನ್ಯೂಟಾ, 20ರಿಂದ 60 ಸೆಂಟಿಮೀಟರ್ ಬೆಳೆಯುತ್ತದೆ. ಒಂದೇ ಹುಳು ದಿನಕ್ಕೆ 2.5 ಲಕ್ಷದವರೆಗೆ ಮೊಟ್ಟೆ ಇಡಬಲ್ಲದು. 46 ದಿನಕ್ಕೆ 1 ಕೋಟಿ 15 ಲಕ್ಷ! ಇಲಿ ದಿನಕ್ಕೆ 40 ಹಿಕ್ಕೆ ಹಾಕುತ್ತದೆಂದು ಹಿಡಿದರೆ, ಹಿಕ್ಕೆಯೊಂದಕ್ಕೆ 6,250 ಮೊಟ್ಟೆ. ಅದೇ ಇಲಿ ದಿನಕ್ಕೆ 25 ಗ್ರಾಂ ಕಾಳು ತಿಂದರೆ ವರ್ಷಕ್ಕೆ 9 ಕೆಜಿ. ಕೆಜಿಗೆ 50 ರೂಪಾಯಿ ಎಂದರೂ ನಷ್ಟ 450 ರೂಪಾಯಿ. ಅಂಗಡಿಯವರು ಲೆಕ್ಕ ಹಾಕುವುದು ಇದನ್ನು ಮಾತ್ರ.

ಆದರೆ ಆ ಕೋಟಿ ಮೊಟ್ಟೆ ನೇರವಾಗಿ ಮನುಷ್ಯನಿಗೆ ಏನೂ ಮಾಡವು. ಮೊದಲು ಹಿಟ್ಟಿನ ಹುಳುವಿನಂಥ ಕೀಟ ಅದನ್ನು ತಿನ್ನಬೇಕು, ಮರಿಹುಳು ಅದರೊಳಗೆ ಎರಡು ವಾರದಷ್ಟು ಬೆಳೆಯಬೇಕು, ಆಮೇಲೆ ಆ ಕೀಟವೇ ನಮ್ಮ ಬಾಯಿಗೆ ಹೋಗಬೇಕು. ಅದಕ್ಕೇ ಜಗತ್ತಿನಾದ್ಯಂತ ದಾಖಲಾದ ಮನುಷ್ಯರ ಪ್ರಕರಣಗಳು ಕೆಲವು ನೂರರಷ್ಟೇ. ಮಲ ಪರೀಕ್ಷೆಯ ಸಮೀಕ್ಷೆಗಳಲ್ಲಿ ಸಿಕ್ಕ ಪ್ರಮಾಣ ಶೇ 0.001ರಿಂದ ಶೇ 5.5. ಸಿಕ್ಕವರಲ್ಲಿ ಮಕ್ಕಳೇ ಹೆಚ್ಚು.

ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದ್ದೇ ಜಿಲ್ಲೆಗಳು. ಅಲ್ಲಿಂದ ಹೈದರಾಬಾದಿಗೆ ಬಂದವರ ಮನೆಗಳಲ್ಲಿ ಜೋಳದ ಚೀಲ ಇದ್ದೇ ಇರುತ್ತದೆ. ತಿಂಗಳು ಕಳೆದ ಹಿಟ್ಟನ್ನು ಜರಡಿಗೆ ಹಾಕಿದರೆ ಮೇಲೆ ಉಳಿಯುವ ಆ ಕೆಂಗಂದು ಹಿಟ್ಟಿನ ಹುಳು 3–4 ಮಿಲಿಮೀಟರ್. ಬೆರಳಲ್ಲಿ ಒತ್ತಿದರೆ ಕಟುವಾಸನೆ. ಹೀಗೆ ಜರಡಿ ಹಿಡಿದು, ಹೆಂಚಿನ ಮೇಲೆ ಬೇಯಿಸಿದ ರೊಟ್ಟಿಯಿಂದ ಭಯವಿಲ್ಲ. ಚಿಂತೆ ಇರುವುದು ಹಸಿಯಾಗಿ ಬಾಯಿಗೆ ಹೋಗುವುದರಲ್ಲಿ: ಹುಳು ಹಿಡಿದ ಹುರಿಹಿಟ್ಟು, ಒಣ ಖರ್ಜೂರ, ಮಕ್ಕಳು ಮುಕ್ಕುವ ಅಕ್ಕಿ.

ನಿಜವಾಗಿ ದೊಡ್ಡ ಸಂಖ್ಯೆ ಇದರ ಕುಳ್ಳ ಸೋದರನದು. ಹೈಮನೋಲೆಪಿಸ್ ನಾನಾ ಬರೀ 1.5ರಿಂದ 4 ಸೆಂಟಿಮೀಟರ್. ಅದು ಹೊಕ್ಕ ಜನ ಜಗತ್ತಿನಲ್ಲಿ 5ರಿಂದ 7.5 ಕೋಟಿ ಎಂಬ ಅಂದಾಜಿದೆ. ಇದಕ್ಕೆ ಕೀಟದ ಹಂಗಿಲ್ಲ. ಮಗುವಿನ ಕೈಯಿಂದ ಮಗುವಿನ ಬಾಯಿಗೆ ಮೊಟ್ಟೆ ದಾಟುತ್ತದೆ. ಹುಳುವಿನ ಆಯುಸ್ಸು 4–6 ವಾರವಾದರೂ, ಕೆಲವು ಮೊಟ್ಟೆ ಅದೇ ಕರುಳಿನಲ್ಲಿ ಒಡೆದು ಮತ್ತೆ ಹುಳುವಾಗುವುದರಿಂದ ಸೋಂಕು ವರ್ಷಗಟ್ಟಲೆ ಎಳೆಯುತ್ತದೆ. ಇದನ್ನೂ ಇಲಿಯ ತಲೆಗೇ ಕಟ್ಟುವ ರೂಢಿಯಿದೆ. ಆಸ್ಟ್ರೇಲಿಯಾದ ಸಂಶೋಧಕರು ಮನುಷ್ಯರಿಂದ ತೆಗೆದ ಹುಳುವನ್ನು ಪ್ರಯೋಗಶಾಲೆಯ ಇಲಿಗಳಿಗೆ ಹತ್ತಿಸಲು ನೋಡಿ ಸೋತದ್ದನ್ನು 2002ರಲ್ಲಿ ಪ್ರಕಟಿಸಿದರು. ಅಂದರೆ ಇಲಿಯ ಹುಳು, ಮನುಷ್ಯನ ಹುಳು ಬೇರೆ ಬೇರೆ ತಳಿಗಳಿರಬಹುದು. ನನ್ನ ಮಟ್ಟಿಗೆ ಇಲಿಬೋನಿನಷ್ಟೇ ಸಾಬೂನಿಗೂ ದುಡ್ಡು ಇಡಬೇಕಾದ ಕಡೆ ಇದು.

ಇನ್ನು ಮಾತ್ರೆ. 2015ರಲ್ಲಿ ಶುರುವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವಯಸ್ಸಿನವರಿಗೆ ಪುಕ್ಕಟೆಯಾಗಿ ಕೊಡುವುದು ಆಲ್ಬೆಂಡಜೋಲ್: 400 ಮಿಲಿಗ್ರಾಂ, ಎರಡು ವರ್ಷದೊಳಗಿನವರಿಗೆ ಅರ್ಧ. ಅದರ ಗುರಿ ದುಂಡುಹುಳು, ಕೊಕ್ಕೆಹುಳು, ಚಾಟಿಹುಳು. ಈ ಲಾಡಿಹುಳುಗಳಿಗೆ ಆ ಒಂದು ಮಾತ್ರೆಯನ್ನು ನೆಚ್ಚಿಕೊಳ್ಳುವಂತಿಲ್ಲ. ವೈದ್ಯರು ಬರೆಯುವುದು ಪ್ರಾಜಿಕ್ವಾಂಟೆಲ್, ತೂಕದ ಪ್ರತಿ ಕೆಜಿಗೆ 25 ಮಿಲಿಗ್ರಾಂ. 20 ಕೆಜಿಯ ಮಗುವಿಗೆ 500. ಮಾತ್ರೆ ನುಂಗಿಯೂ ಹೊಟ್ಟೆನೋವು, ಭೇದಿ ನಿಲ್ಲದ ಮಗುವಿಗೆ ಬೇಕಾದದ್ದು ಮಲ ಪರೀಕ್ಷೆ. ಸೂಕ್ಷ್ಮದರ್ಶಕದಡಿ ಇಲಿಹುಳುವಿನ ಮೊಟ್ಟೆ 70–80 ಮೈಕ್ರಾನ್, ಒಳಗೆ ನೂಲೆಳೆ ಇರದು. ಕುಳ್ಳಹುಳುವಿನದು 30–50 ಮೈಕ್ರಾನ್, ಎರಡೂ ತುದಿಯಿಂದ ಎಳೆಗಳು. ಬಂದದ್ದು ದವಸದ ಚೀಲದಿಂದಲೋ ಜೊತೆಯ ಮಗುವಿನಿಂದಲೋ ಎಂಬ ಅಂದಾಜು ಸಿಗುವುದು ಅಲ್ಲಿಂದಲೇ.