ಎಡದ ಸ್ಟಿಯರಿಂಗ್ ಬಲಕ್ಕೆ ಬರುವಾಗ

ಕೊಡಗು, ಚಿಕ್ಕಮಗಳೂರು ಕಡೆಯ ಘಾಟಿ ರಸ್ತೆಗಳಲ್ಲಿ ಓಡಾಡಿದವರಿಗೆ ಹಳೆಯ ಜೀಪುಗಳ ಬೆನ್ನ ಮೇಲಿನ ಒಂದು ಬರಹ ನೆನಪಿರಬಹುದು. ಸ್ಟೆಪ್ನಿಯ ಪಕ್ಕದಲ್ಲಿ ದಪ್ಪ ಅಕ್ಷರಗಳಲ್ಲಿ 'ಲೆಫ್ಟ್ ಹ್ಯಾಂಡ್ ಡ್ರೈವ್' ಎಂದು ಬರೆದಿರುತ್ತಿತ್ತು. ಹಿಂದೆ ಬರುವವರು ಅದನ್ನು ಓದಿ ಸುಮ್ಮನಾಗುತ್ತಿದ್ದರು. ಆ ಮಾತಿನ ನಿಜವಾದ ಅರ್ಥ ತಿಳಿಯುತ್ತಿದ್ದುದು ಜೀಪಿನ ಒಳಗೆ ಕುಳಿತವರಿಗೆ.

ಮುಂದೆ ಮರದ ದಿಮ್ಮಿ ಹೇರಿದ ಲಾರಿಯೊಂದು ಏದುಸಿರು ಬಿಡುತ್ತ ಘಾಟಿ ಹತ್ತುತ್ತಿದೆ ಎಂದುಕೊಳ್ಳಿ. ಅದನ್ನು ಹಿಂದಿಕ್ಕಬೇಕು. ಬಲಗಡೆ ಕುಳಿತ ಚಾಲಕ ವಾಹನವನ್ನು ಸ್ವಲ್ಪವೇ ಬಲಕ್ಕೆ ಎಳೆದು, ಎದುರಿನ ರಸ್ತೆ ಖಾಲಿಯಿದೆಯೇ ಎಂದು ನೋಡಬಲ್ಲ. ಎಡಗಡೆ ಕುಳಿತವನಿಗೆ ಕಾಣುವುದು ಲಾರಿಯ ಬೆನ್ನು ಮಾತ್ರ. ಎದುರಿನ ರಸ್ತೆ ಅವನ ಕಣ್ಣಿಗೆ ಬೀಳಬೇಕಾದರೆ ಜೀಪಿನ ಬಹುಪಾಲು ಅದಾಗಲೇ ಆಚೆಯ ಹಾದಿಗೆ ನುಗ್ಗಿರಬೇಕು. ಹಾಗಾಗಿ ಬಲಗಡೆ ಕುಳಿತವರೇ ಅವನಿಗೆ ಕಣ್ಣು. 'ಹೋಗ್ಲಿ, ಹೋಗ್ಲಿ' ಎಂದರೆ ಹೋಗಬೇಕು, 'ಬಸ್ ಬಂತು' ಎಂದರೆ ನಿಲ್ಲಬೇಕು. ಎರಡು ಸೀಟುಗಳ ನಡುವಿನ ಅಂತರ ಒಂದು ಗಜವೂ ಇಲ್ಲ. ಜೀವದ ಲೆಕ್ಕ ನಿಂತಿರುವುದು ಅಷ್ಟರಲ್ಲೇ.

ಹಾಗಾದರೆ ಸ್ಟಿಯರಿಂಗನ್ನು ಬಿಚ್ಚಿ ಆ ಒಂದು ಗಜ ಆಚೆಗೆ ಕೂರಿಸಿದರೆ ಆಯಿತಲ್ಲ, ಅದರಲ್ಲೇನು ಮಹಾ ಎಂದು ಕೇಳಬಹುದು. ಕೇಳಿದವರು ಹಲವರು. ಕೇಳಿ, ಮನೆಯ ಗ್ಯಾರೇಜಿನಲ್ಲೇ ಮಾಡಿ ನೋಡಿದವರೂ ಇದ್ದಾರೆ. ಅವರ ಕೆಲಸವನ್ನು ಹತ್ತಿರದಿಂದ ನೋಡಿದರೆ ಕಾರು ಎಂಬ ಯಂತ್ರದ ಬಗ್ಗೆ ನಾವು ಯೋಚಿಸಿರದ ಒಂದು ಸಂಗತಿ ತಿಳಿಯುತ್ತದೆ.

ಎಡ ಬಲ ಬಂದ ಬಗೆ

ರಸ್ತೆಯ ನಡುಗೆರೆಗೆ ಹತ್ತಿರವಿರುವ ಸೀಟಿನಲ್ಲಿ ಚಾಲಕ ಕೂರಬೇಕು ಎಂಬುದು ಈಗ ಜಗತ್ತಿನ ಬಹುಪಾಲು ಒಪ್ಪಿಕೊಂಡ ಕ್ರಮ. ಬ್ರಿಟನ್ ಮತ್ತು ಅದರ ಆಳ್ವಿಕೆಯಲ್ಲಿದ್ದ ಭಾರತ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮುಂತಾದ ದೇಶಗಳಲ್ಲಿ ವಾಹನಗಳು ರಸ್ತೆಯ ಎಡಕ್ಕೆ ಓಡುತ್ತವೆ, ಚಾಲಕ ಬಲಗಡೆ ಕೂರುತ್ತಾನೆ. ಅಮೆರಿಕದಲ್ಲಿ ಇದು ತಿರುಗುಮುರುಗು. ಅಲ್ಲಿಯೂ ಮೊದಮೊದಲು ಹಲವು ಕಾರುಗಳ ಸ್ಟಿಯರಿಂಗ್ ಬಲಗಡೆಯೇ ಇತ್ತು. 1908ರಲ್ಲಿ ಬಂದ ಫೋರ್ಡ್ ಕಂಪನಿಯ 'ಮಾಡೆಲ್ ಟಿ' ಕಾರು ಅದನ್ನು ಎಡಕ್ಕೆ ತಂದಿತು. ಆ ಕಾರು ಮನೆಮಾತಾದ ಮೇಲೆ ಉಳಿದ ತಯಾರಕರೂ ಅದೇ ದಾರಿ ಹಿಡಿದರು.

ನಮ್ಮ ಜೀಪುಗಳ ಎಡ ಸ್ಟಿಯರಿಂಗ್ ಕೂಡ ಅಮೆರಿಕದ ಬಳುವಳಿಯೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದಾಗ ಅವುಗಳಲ್ಲಿ ಎಷ್ಟೋ ಇಲ್ಲಿಯೇ ಉಳಿದು, ಹರಾಜಿನಲ್ಲಿ ಕೈಬದಲಾಗಿ ತೋಟ ಸೇರಿದವು. 1940ರ ದಶಕದ ಕೊನೆಗೆ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪನ್ನು ನಮ್ಮಲ್ಲೇ ಜೋಡಿಸತೊಡಗಿತು. ಆ ಜೀಪುಗಳೂ ಬಹುಕಾಲ ಎಡ ಸ್ಟಿಯರಿಂಗ್‌ನಲ್ಲೇ ಬಂದವು. ನಾವು ಹೆಚ್ಚಾಗಿ ಅವನ್ನು ಇದ್ದ ಹಾಗೆಯೇ ಓಡಿಸಿದೆವು, ಹಿಂದೆ ಒಂದು ಎಚ್ಚರಿಕೆ ಬರೆದೆವು.

ಇದೇ ತೊಡಕನ್ನು ಎದುರಿಸಿದ ಆಸ್ಟ್ರೇಲಿಯನ್ನರು ಬೇರೆ ದಾರಿ ಹಿಡಿದರು. ಅವರಿಗೆ ಅಮೆರಿಕದ ದೊಡ್ಡ ಕಾರುಗಳ ಮೇಲೆ ಬಲು ಮೋಹ. ಆದರೆ ಎಡ ಸ್ಟಿಯರಿಂಗ್‌ನ ಕಾರನ್ನು ಅಲ್ಲಿನ ರಸ್ತೆಗೆ ಇಳಿಸಲು ಸುಲಭಕ್ಕೆ ಅನುಮತಿ ಸಿಗುತ್ತಿರಲಿಲ್ಲ. ಕಾರು ಬೇಕೆಂದರೆ ಬದಲಿಸಲೇಬೇಕು. ಫೋರ್ಡ್ ಕಂಪನಿಯೇ ಈ ಕೆಲಸಕ್ಕೆ ಕೈಹಾಕಿತ್ತು. 1964ರಲ್ಲಿ ಅಮೆರಿಕದಲ್ಲಿ ಮಸ್ಟ್ಯಾಂಗ್ ಕಾರು ಬಿಡುಗಡೆಯಾಯಿತು. ಮರುವರ್ಷವೇ ಫೋರ್ಡ್ ಆಸ್ಟ್ರೇಲಿಯಾ ಸುಮಾರು 200 ಮಸ್ಟ್ಯಾಂಗ್‌ಗಳನ್ನು ತರಿಸಿ, ಸಿಡ್ನಿಯ ಹೋಮ್‌ಬುಷ್ ಕಾರ್ಖಾನೆಯಲ್ಲಿ ಬಲ ಸ್ಟಿಯರಿಂಗ್‌ಗೆ ಬದಲಿಸಿ ಮಾರತೊಡಗಿತು. ಕಂಪನಿ ನಿಲ್ಲಿಸಿದ ಮೇಲೆ ಸಣ್ಣ ವರ್ಕ್‌ಶಾಪುಗಳು ಮುಂದುವರಿಸಿದವು. ವರ್ಕ್‌ಶಾಪಿಗೆ ಕೊಡಲು ಹಣವಿಲ್ಲದವರು, ಹಣವಿದ್ದರೂ ಕೈ ಸುಮ್ಮನಿರದವರು, ಮನೆಯ ಶೆಡ್ಡಿನಲ್ಲಿ ವರ್ಷಗಟ್ಟಲೆ ಇದೇ ಕೆಲಸದಲ್ಲಿ ಮುಳುಗಿದರು.

ಎಡಗಾಲಿನ ಚಪ್ಪಲಿ

ಹೊರಗಿನಿಂದ ನೋಡಿದರೆ ಕಾರಿನ ಎಡಬಲ ಒಂದೇ. ಬಾನೆಟ್ ಎತ್ತಿದರೆ ಹಾಗಿಲ್ಲ. ನಮ್ಮ ದೇಹವೂ ಹೀಗೆಯೇ ಅಲ್ಲವೇ? ಹೊರಗೆ ಎರಡು ಕೈ, ಎರಡು ಕಾಲು ಸಮನಾಗಿದ್ದರೂ ಒಳಗೆ ಹೃದಯ ಎಡಕ್ಕೆ ವಾಲಿದೆ, ಪಿತ್ತಕೋಶ ಬಲಕ್ಕಿದೆ. ಅಮೆರಿಕದ ಎಂಜಿನಿಯರು ಸ್ಟಿಯರಿಂಗ್ ಕೆಳಗಿಳಿದು ಬರಲೆಂದು ಎಡಗಡೆ ಜಾಗ ಬಿಟ್ಟು, ಉಳಿದ ಸಾಮಾನನ್ನು ಬಲಕ್ಕೆ ತಳ್ಳಿರುತ್ತಾನೆ. ಹಳೆಯ ಮಸ್ಟ್ಯಾಂಗ್‌ನ ವಿ-8 ಎಂಜಿನ್ನಿಗೆ ಸ್ಟಾರ್ಟರ್ ಮೋಟರ್ ಇರುವುದು ಬಲಗಡೆ. ಹೊಸದಾಗಿ ಬಲಕ್ಕೆ ಬರುವ ಸ್ಟಿಯರಿಂಗ್ ಕಾದ ಎಕ್ಸಾಸ್ಟ್ ಕೊಳವೆಗೂ ಈ ಮೋಟರಿಗೂ ತಾಗದಂತೆ ನುಸುಳಬೇಕು.

ಎಡಗಾಲಿನ ಚಪ್ಪಲಿಯನ್ನು ಹೇಗೆ ತಿರುಗಿಸಿದರೂ ಅದು ಬಲಗಾಲಿನದಾಗುವುದಿಲ್ಲ. ಸ್ಟಿಯರಿಂಗ್ ಯಂತ್ರವೂ ಅಂಥದೇ. ಈಚಿನ ಕಾರುಗಳಲ್ಲಿ ಅಡ್ಡಲಾಗಿ ಮಲಗಿದ, ಹಲ್ಲು ಕೊರೆದ ಒಂದು ಉದ್ದನೆಯ ಸರಳು ಇರುತ್ತದೆ. ಅದು ರ‍್ಯಾಕ್. ಸ್ಟಿಯರಿಂಗ್ ಕಂಬದ ತುದಿಯ ಸಣ್ಣ ಹಲ್ಲುಚಕ್ರ ತಿರುಗಿದಂತೆ ಈ ಸರಳು ಎಡಕ್ಕೋ ಬಲಕ್ಕೋ ಸರಿದು ಮುಂದಿನ ಗಾಲಿಗಳನ್ನು ತಿರುಗಿಸುತ್ತದೆ. ಅದೇ ರ‍್ಯಾಕನ್ನು ಬಿಚ್ಚಿ, ಹಿಂದುಮುಂದಾಗಿಸಿ ಇಟ್ಟರೆ ಹಲ್ಲುಚಕ್ರ ಸರಿಯಾಗಿ ಬಲಗಡೆಗೆ ಬರುತ್ತದೆ. ಆದರೆ ಮೊದಲು ಸರಳಿನ ಹಿಂದಿದ್ದ ಚಕ್ರ ಈಗ ಮುಂದಿರುತ್ತದೆ. ಚಕ್ರವನ್ನು ಅದೇ ದಿಕ್ಕಿಗೆ ತಿರುಗಿಸಿದರೂ ಸರಳು ಉಲ್ಟಾ ಸರಿಯುತ್ತದೆ. ಬಲಕ್ಕೆ ತಿರುಗಿಸಿದರೆ ಕಾರು ಎಡಕ್ಕೆ ಹೋಗುತ್ತದೆ! ಆದ್ದರಿಂದ ಬಲ ಸ್ಟಿಯರಿಂಗ್‌ಗೆಂದೇ ತಯಾರಾದ ರ‍್ಯಾಕೇ ಬೇಕು.

ಹಳೆಯ ಮಸ್ಟ್ಯಾಂಗ್‌ಗಳಲ್ಲಿ ರ‍್ಯಾಕ್ ಬದಲು ಸ್ಟಿಯರಿಂಗ್ ಬಾಕ್ಸ್ ಇರುತ್ತಿತ್ತು. ಅಲ್ಲಿಯೂ ಇದೇ ಕಥೆ. ಆದರೆ ಆಸ್ಟ್ರೇಲಿಯನ್ನರಿಗೆ ಒಂದು ಅದೃಷ್ಟವಿತ್ತು. ಮಸ್ಟ್ಯಾಂಗ್ ರೂಪುಗೊಂಡದ್ದು ಫೋರ್ಡ್‌ನ ಫಾಲ್ಕನ್ ಕಾರಿನ ತಳಹದಿಯ ಮೇಲೆ. ಫಾಲ್ಕನ್ 1960ರಿಂದಲೇ ಆಸ್ಟ್ರೇಲಿಯಾದಲ್ಲಿ ಬಲ ಸ್ಟಿಯರಿಂಗ್‌ನೊಂದಿಗೆ ತಯಾರಾಗುತ್ತಿತ್ತು. ಗುಜರಿಯಲ್ಲಿ ಬಿದ್ದ ಫಾಲ್ಕನ್ನಿನ ಸ್ಟಿಯರಿಂಗ್ ಬಾಕ್ಸ್ ಮಸ್ಟ್ಯಾಂಗ್‌ಗೆ ಒದಗಿತು. ಊರ ಗುಜರಿ ಅಂಗಡಿ ಚೆನ್ನಾಗಿದ್ದರೆ ಮನೆಯ ಮೆಕ್ಯಾನಿಕ್ ಅರ್ಧ ಗೆದ್ದಂತೆ.

ಕನ್ನಡಿಗೆ ಒಪ್ಪದ ಮನುಷ್ಯ

ಮುಂದಿನದು ಪೆಡಲ್‌ಗಳು. ಇಲ್ಲೊಂದು ಸೋಜಿಗವಿದೆ. ಬಲಕ್ಕೆ ಬದಲಾದ ಕಾರು ಮೂಲ ಕಾರಿನ ಕನ್ನಡಿಬಿಂಬ ಎನ್ನುವುದಾದರೆ ಕ್ಲಚ್ ಬಲಕ್ಕೂ ಆಕ್ಸಿಲರೇಟರ್ ಎಡಕ್ಕೂ ಬರಬೇಕಿತ್ತು. ಹಾಗಾಗುವುದಿಲ್ಲ. ಯಾವ ದೇಶಕ್ಕೆ ಹೋದರೂ ಎಡಗಾಲಿಗೆ ಕ್ಲಚ್, ಬಲಗಾಲಿಗೆ ಬ್ರೇಕ್ ಮತ್ತು ಆಕ್ಸಿಲರೇಟರ್. ಗೇರಿನ ಕ್ರಮವೂ ಕನ್ನಡಿಯಲ್ಲಿ ತಿರುಗುವುದಿಲ್ಲ. ಅಮೆರಿಕದ ಚಾಲಕನಿಗೆ ಒಂದನೇ ಗೇರು ಮೈಗೆ ಹತ್ತಿರ, ನಮಗೆ ಮೈಯಿಂದ ದೂರ. ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದರೆ ಕಾರು ಬಲಕ್ಕೇ ಹೋಗಬೇಕು ಎಂಬುದಂತೂ ಎಲ್ಲೆಡೆ ಒಂದೇ.

ಅಂದರೆ ಕಾರು ಕನ್ನಡಿಬಿಂಬವಾಗಬೇಕು, ಅದನ್ನು ಓಡಿಸುವ ಮನುಷ್ಯ ಮಾತ್ರ ಹಾಗೆಯೇ ಇರಬೇಕು. ಈ ಎರಡರ ನಡುವಿನ ಜಗಳವನ್ನು ಬಿಡಿಸುವುದೇ ಇಡೀ ಕೆಲಸದ ತಿರುಳು. ಎಡಗಡೆಯ ಪೆಡಲ್ ಜೋಡಣೆಯನ್ನು ಮಗುಚಿ ಹಾಕುವಂತಿಲ್ಲ, ಹೊಸದಾಗಿ ಕಟ್ಟಬೇಕು. ಬ್ರೇಕಿನ ಮಾಸ್ಟರ್ ಸಿಲಿಂಡರನ್ನು ಬಲಕ್ಕೆ ತರಬೇಕು. ಅದು ಕೂರುವುದು ಎಂಜಿನ್ನಿಗೂ ಚಾಲಕನಿಗೂ ನಡುವಿನ ತಗಡಿನ ಗೋಡೆಯ ಮೇಲೆ. ಎಡಗಡೆ ಆ ಗೋಡೆಗೆ ಕಂಪನಿಯೇ ಬಲ ಕೊಟ್ಟಿರುತ್ತದೆ, ಬಲಗಡೆ ಬರಿಯ ತಗಡು. ಗಾಬರಿಯಲ್ಲಿ ಬ್ರೇಕ್ ಮೆಟ್ಟಿದಾಗ ಬೀಳುವ ಬಲಕ್ಕೆ ಬರಿಯ ತಗಡು ಬಾಗುತ್ತದೆ. ಕಾಲು ಒತ್ತಿದ್ದರಲ್ಲಿ ಒಂದಷ್ಟು ತಗಡು ಬಾಗಿಸುವುದಕ್ಕೇ ಖರ್ಚಾಗಿ, ಉಳಿದದ್ದು ಬ್ರೇಕಿಗೆ ತಲುಪುತ್ತದೆ. ಹಾಗಾಗಿ ಒಳಗಿನಿಂದ ಉಕ್ಕಿನ ಪಟ್ಟಿ ಕೊಟ್ಟು ಗಟ್ಟಿ ಮಾಡಬೇಕು.

ಇಷ್ಟಾದ ಮೇಲೆ ಕಣ್ಣಿಗೆ ಕಾಣುವ ಕೆಲಸ. ಡ್ಯಾಶ್‌ಬೋರ್ಡನ್ನು ಕತ್ತರಿಸಿ, ಮೀಟರ್‌ಗಳಿದ್ದ ಭಾಗವನ್ನೂ ಕಪಾಟಿನ ಭಾಗವನ್ನೂ ಅದಲುಬದಲು ಮಾಡಿ ಕೂಡಿಸುತ್ತಾರೆ. ಕೆಲವರು ಫೈಬರ್ ಗ್ಲಾಸಿನ ಅಚ್ಚು ತೆಗೆದು ಹೊಸದನ್ನೇ ಮಾಡುತ್ತಾರೆ. ವೈಪರ್ ಮರೆಯುವವರು ಬಹಳ. ಅದು ಚಾಲಕನ ಮುಂದಿನ ಗಾಜನ್ನು ಅಂಚಿನವರೆಗೆ ಒರೆಸಿ, ಆಚೆಯ ಅಂಚಿನಲ್ಲಿ ಒಂದು ಪಟ್ಟಿ ಬಿಡುವಂತೆ ಜೋಡಿಸಿರುತ್ತದೆ. ಬದಲಿಸದಿದ್ದರೆ ಮಳೆಯಲ್ಲಿ ಆ ಒರೆಸದ ಪಟ್ಟಿ ಹೊಸ ಚಾಲಕನ ಕಣ್ಣೆದುರಿಗೇ ಬರುತ್ತದೆ. ಹೆಡ್‌ಲೈಟಿನದೂ ಹೀಗೆಯೇ. ಡಿಮ್ ಮಾಡಿದಾಗ ಅದರ ಬೆಳಕು ರಸ್ತೆಯಂಚಿನ ಕಡೆಗೆ ಚೆಲ್ಲುವಂತೆ ಇರುತ್ತದೆ. ಅಮೆರಿಕದ ರಸ್ತೆಯಂಚು ಬಲಗಡೆ. ನಮ್ಮಂಥ ದೇಶದಲ್ಲಿ ಆ ಬೆಳಕು ಎದುರಿನವರ ಕಣ್ಣಿಗೆ ರಾಚುತ್ತದೆ.

ಅಡ್ಡದಾರಿಗಳು

ಇಷ್ಟೆಲ್ಲ ಯಾಕೆಂದು ಅಡ್ಡದಾರಿ ಹಿಡಿದವರಿದ್ದಾರೆ. ಮೂಲ ಸ್ಟಿಯರಿಂಗ್ ಬಾಕ್ಸನ್ನು ಎಡಗಡೆಯೇ ಬಿಟ್ಟು, ಹೊಸ ಸ್ಟಿಯರಿಂಗಿಗೂ ಅದಕ್ಕೂ ಡ್ಯಾಶ್‌ಬೋರ್ಡಿನ ಹಿಂದೆ ಸೈಕಲ್ಲಿನಂತೆ ಒಂದು ಚೈನು ಹಾಕಿಬಿಡುವುದು ಅವುಗಳಲ್ಲಿ ಒಂದು. ಕಾರು ತಿರುಗುತ್ತದೆ, ನಿಜ. ಆದರೆ ಚೈನು ದಿನ ಕಳೆದಂತೆ ಸಡಿಲವಾಗುತ್ತದೆ ಎಂಬುದು ಸೈಕಲ್ ತುಳಿದವರಿಗೆಲ್ಲ ಗೊತ್ತು. ಸೈಕಲ್ಲಿನ ಚೈನು ಕಳಚಿದರೆ ಇಳಿದು ಹಾಕಿಕೊಳ್ಳಬಹುದು. ಸ್ಟಿಯರಿಂಗಿನ ಚೈನು ಕಳಚುವುದು ತಿರುವಿನಲ್ಲಾದರೆ ಹಾಕಿಕೊಳ್ಳಲು ಯಾರೂ ಉಳಿಯದಿರಬಹುದು.

ಕೊಂಡಿಗಳನ್ನು ಬೆಂಕಿಯಲ್ಲಿ ಕಾಯಿಸಿ ಬಗ್ಗಿಸುವುದು ಇನ್ನೊಂದು ಅಡ್ಡದಾರಿ. ಅಳತೆಗೆ ಕೂರುತ್ತದೆ, ಆದರೆ ಹದಗೊಳಿಸಿದ ಉಕ್ಕು ಕಾದು ಆರಿದಾಗ ಮೊದಲಿನ ಗಟ್ಟಿತನ ಉಳಿಸಿಕೊಳ್ಳುವುದಿಲ್ಲ. ಸ್ಟಿಯರಿಂಗ್ ಕಂಬವನ್ನು ಕತ್ತರಿಸಿ ಬೆಸುಗೆ ಹಾಕುವುದೂ ಅಷ್ಟೇ ಅಪಾಯ. ಬೆಸುಗೆಯ ಮೇಲೆ ಬಣ್ಣ ಬಳಿದರೆ ಒಳಗಿನ ಬಿರುಕು ಯಾರಿಗೂ ಕಾಣದು. ಬಾಕ್ಸನ್ನು ಅರ್ಧ ಅಂಗುಲ ಮೇಲೋ ಕೆಳಗೋ ಕೂರಿಸಿದರೂ ಸಾಕು, ಗಾಲಿ ಹಳ್ಳಕ್ಕೆ ಇಳಿದು ಏಳುವಾಗ ಚಾಲಕ ತಿರುಗಿಸದೆಯೇ ಕಾರು ತಾನಾಗಿ ಪಕ್ಕಕ್ಕೆ ಎಳೆಯತೊಡಗುತ್ತದೆ.

ಆದ್ದರಿಂದಲೇ ಆಸ್ಟ್ರೇಲಿಯಾದಲ್ಲಿ ಮನೆಯ ಗ್ಯಾರೇಜಿನ ಕೆಲಸಕ್ಕೆ ಅಡ್ಡಿಯಿಲ್ಲದಿದ್ದರೂ ಅಧಿಕೃತ ಎಂಜಿನಿಯರರೊಬ್ಬರು ಪರೀಕ್ಷಿಸಿ ಸಹಿ ಹಾಕದೆ ಕಾರು ರಸ್ತೆಗಿಳಿಯುವಂತಿಲ್ಲ. ಬಲ್ಲವರು ಕೆಲಸ ಶುರುಮಾಡುವ ಮೊದಲೇ ಅವರನ್ನು ಕಾಣುತ್ತಾರೆ, ಡ್ಯಾಶ್‌ಬೋರ್ಡ್ ಮುಚ್ಚುವ ಮೊದಲು ಮತ್ತೆ ಕರೆದು ತೋರಿಸುತ್ತಾರೆ. ಗೆಳೆಯರು ಬಂದು ಹೊಗಳುವುದು ಡ್ಯಾಶ್‌ಬೋರ್ಡಿನ ಹೊಳಪನ್ನು. ಎಂಜಿನಿಯರ್ ಟಾರ್ಚ್ ಹಿಡಿದು ನೋಡುವುದು ಅದರ ಹಿಂದಿನದನ್ನು. ಕಾರಿನ ಒಡೆಯ ತನ್ನ ಜೀವದ ಹೊಣೆ ತಾನು ಹೊರಬಹುದು. ಎದುರಿನಿಂದ ಬರುವ ಅಪರಿಚಿತರ ಜೀವದ ಹೊಣೆ ಅವನೊಬ್ಬನೇ ಹೊರುವಂಥದಲ್ಲ.

ಕಾರಿನ ಬದಲು ದೇಶ

ಕಾರು ಬದಲಿಸುವ ಗೋಜು ಬೇಡವೆಂದು ರಸ್ತೆಯನ್ನೇ ಬದಲಿಸಿದ ದೇಶವೂ ಒಂದಿದೆ. ಪೆಸಿಫಿಕ್ ಸಾಗರದ ಪುಟ್ಟ ದೇಶ ಸಮೋವಾ 2009ರ ಸೆಪ್ಟೆಂಬರ್ 7ರಂದು ತನ್ನ ಸಂಚಾರವನ್ನು ಬಲದಿಂದ ಎಡಕ್ಕೆ ಬದಲಿಸಿತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಂದ ಅಗ್ಗದ ಹಳೆಯ ಕಾರುಗಳು ಬರಲಿ ಎಂಬುದೇ ಅದರ ಮುಖ್ಯ ಕಾರಣ. ನಮ್ಮ ನೆರೆಯ ಬರ್ಮಾ 1970ರಲ್ಲಿ ಇದಕ್ಕೆ ವಿರುದ್ಧವಾಗಿ ಎಡದಿಂದ ಬಲಕ್ಕೆ ಹೋಯಿತು. ಆದರೆ ಬಲ ಸ್ಟಿಯರಿಂಗ್‌ನ ವಾಹನಗಳೇ ಅಲ್ಲಿ ದಶಕಗಟ್ಟಲೆ ಓಡಿದವು. ರಸ್ತೆಯ ಬಲಕ್ಕೆ ಓಡುವ ಬಸ್ಸಿನ ಬಾಗಿಲು ಎಡಕ್ಕಿದ್ದರೆ ಪ್ರಯಾಣಿಕ ಇಳಿಯುವುದು ಎಲ್ಲಿ? ನಡುರಸ್ತೆಯಲ್ಲಿ!

ನಮ್ಮಲ್ಲಿ ಕಾನೂನು ಈ ವಿಷಯವನ್ನು ಬೇರೆ ರೀತಿ ನೋಡುತ್ತದೆ. 1988ರ ಮೋಟಾರು ವಾಹನಗಳ ಕಾಯ್ದೆಯ 120ನೇ ಸೆಕ್ಷನ್ ಪ್ರಕಾರ, ಎಡ ಸ್ಟಿಯರಿಂಗ್‌ನ ವಾಹನದಲ್ಲಿ ಸರಿಯಾಗಿ ಕೆಲಸ ಮಾಡುವ ಯಾಂತ್ರಿಕ ಅಥವಾ ವಿದ್ಯುತ್ ಸಿಗ್ನಲ್ ಇರಲೇಬೇಕು. ಎಡಗಡೆ ಕುಳಿತವನು ಬಲಕ್ಕೆ ಕೈ ಚಾಚಿ ತೋರಿಸಲಾರನಲ್ಲ! ವಿದೇಶದಿಂದ ತರಿಸುವ ಬಳಸಿದ ಕಾರಿಗಂತೂ ಬಲ ಸ್ಟಿಯರಿಂಗ್ ಇರಬೇಕೆಂಬುದು ಆಮದಿನ ಷರತ್ತುಗಳಲ್ಲಿ ಒಂದು. ವಾಹನದ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆಗಳಿಗೆ 52ನೇ ಸೆಕ್ಷನ್ ಕಡಿವಾಣ ಹಾಕುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಗಾಗಿ ಈ ಲೇಖನ ಓದಿ ಯಾರೂ ಹಿತ್ತಲಿನ ಜೀಪಿಗೆ ಸ್ಪ್ಯಾನರ್ ಹಾಕುವುದು ಬೇಡ. ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಆಸ್ಟ್ರೇಲಿಯಾದಲ್ಲೂ ಈ ಕಲೆಯ ಅಗತ್ಯ ಕುಗ್ಗುತ್ತಿದೆ. 30 ವರ್ಷ ದಾಟಿದ ಕಾರನ್ನು ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ಈಗ ಎಡ ಸ್ಟಿಯರಿಂಗ್‌ನಲ್ಲೇ ಓಡಿಸಬಹುದು. ಫೋರ್ಡ್ ಕಂಪನಿ 2015ರಲ್ಲಿ ಬಲ ಸ್ಟಿಯರಿಂಗ್‌ನ ಮಸ್ಟ್ಯಾಂಗನ್ನು ಕಾರ್ಖಾನೆಯಲ್ಲೇ ತಯಾರಿಸತೊಡಗಿತು. ಮರುವರ್ಷ ಅದು ಭಾರತದಲ್ಲೂ ಮಾರಾಟಕ್ಕೆ ಬಂತು. ಶೆಡ್ಡಿನಲ್ಲಿ ಎರಡು ವರ್ಷ ಹಿಡಿಯುತ್ತಿದ್ದ ಕೆಲಸ ಈಗ ಶೋರೂಮಿನ ಆರ್ಡರ್ ಪುಸ್ತಕದ ಒಂದು ಸಾಲು. ಮೊದಲ ಮಸ್ಟ್ಯಾಂಗ್ ಹುಟ್ಟಿ ಅಷ್ಟು ಹೊತ್ತಿಗೆ ಅರ್ಧ ಶತಮಾನವೇ ಕಳೆದಿತ್ತು.

ಎಡ ಸ್ಟಿಯರಿಂಗ್‌ನ ಹಳೆಯ ಜೀಪು ನಮ್ಮ ಘಾಟಿಗಳಲ್ಲಿ ಈಗ ಅಪರೂಪ. ಎಲ್ಲಾದರೂ ಸಿಕ್ಕಿ, ಅದರ ಬೆನ್ನ ಮೇಲೆ ಆ ಬರಹ ಕಂಡರೆ ಅವಸರಪಡಬೇಡಿ, ಸ್ವಲ್ಪ ಅಂತರ ಬಿಡಿ. ಅದರ ಚಾಲಕನಿಗೆ ಮುಂದಿನ ರಸ್ತೆ ನಿಮಗೆ ಕಂಡಷ್ಟು ಕಾಣುತ್ತಿಲ್ಲ. ಪಕ್ಕದಲ್ಲಿ ಕುಳಿತವರ 'ಹೋಗ್ಲಿ' ಎಂಬ ಮಾತಿಗಾಗಿ ಅವನು ಕಾಯುತ್ತಿದ್ದಾನೆ.